ಗುಡ್ಡ ಎಲ್ಲಿ ಓಡಿ ಹೋಗ್ತೈತಿ

ಆ ವರ್ಷ ಸಂಕ್ರಮಣ ದಾಟಿದ ಮೇಲೆ ಕಾಕುವಿನ ಹಣೆಯ ಕುಂಕುಮ ಎಡಕ್ಕೆ ಸರಿಯತೊಡಗಿತು. ಮೊದಲೆಲ್ಲ ಈಬತ್ತಿಯ ಮೂರು ಗೆರೆಗಳ ನಟ್ಟನಡುವೆ ದುಂಡಗೆ ಕೂಡುತ್ತಿದ್ದ ಕುಂಕುಮ ಈಗ ಹುಬ್ಬಿನ ಮೇಲೆ ಹೋಗಿ ಕೂತಿರುತ್ತಿತ್ತು. ನಾನು ರೊಟ್ಟಿ ಬಡಿಯುತ್ತ, "ಕಾಕು, ಕುಂಕುಮ ಸೊಟ್ಟ ಆಗೇತ್ರಿ" ಎಂದರೆ, "ವಯಸ್ಸಾದ ಮ್ಯಾಲೆ ಎಲ್ಲಾ ಒಂದ ಕಡೆ ವಾಲತಾವ ಮಗಳ, ಮನಿ ಗ್ವಾಡಿ ನೋಡೀಯಿಲ್ಲ" ಎಂದು ನಗುತ್ತ ಬೆರಳಿನಿಂದ ಒರೆಸಿ, ಮತ್ತೆ ಅಲ್ಲೇ ಹಚ್ಚಿಕೊಳ್ಳುತ್ತಿದ್ದರು.

ಕಾಕು ಎಂದರೆ ನನ್ನ ಯಜಮಾನರ ಕಾಕಾನ ಹೆಂಡತಿ. ಯಜಮಾನರು ಸಣ್ಣವರಿದ್ದಾಗಲೇ ಅವರ ತಾಯಿ ತೀರಿಕೊಂಡಿದ್ದರಿಂದ ಕಾಕುವೇ ಎತ್ತಿ ಆಡಿಸಿ ದೊಡ್ಡವರನ್ನು ಮಾಡಿದ್ದು. ಅವರಿಗೆ ಹೊಟ್ಟೆಯ ಮಕ್ಕಳಿರಲಿಲ್ಲ. ನಾನು ಮುದ್ದೇಬಿಹಾಳದಿಂದ ಇಂಡಿಗೆ ಮದುವೆಯಾಗಿ ಬಂದಾಗ ಅತ್ತೆಯ ಜಾಗದಲ್ಲಿ ಅವರಿದ್ದರು. ಆದರೆ ಒಂದು ದಿನವೂ ನನ್ನನ್ನು ಸೊಸಿ ಎಂದು ಕರೆಯಲಿಲ್ಲ. ಮಗಳ ಎನ್ನುತ್ತಿದ್ದರು. ಇಂಥ ಮನೆಗೆ ನನ್ನನ್ನು ತಂದು ಹಾಕಿದ್ದಕ್ಕೆ ಇವತ್ತಿಗೂ ಲಿಂಗಪೂಜೆ ಮುಗಿಸಿ ಏಳುವಾಗ ಶಿವನಿಗೆ ಒಂದು ಶರಣು ಹೆಚ್ಚಿಗೆ ಹೇಳುತ್ತೇನೆ.

ಮನೆಯ ಹಿಂದೆ ನಮ್ಮದೇ ಲಿಂಬಿತೋಟ. ಕಾಕಾ ಒಮ್ಮೆ ಲಿಂಬಿಹಣ್ಣಿನ ಲಾರಿಯ ಜೊತೆ ಮುಂಬೈಗೆ ಹೋಗಿ ಘಾಟ ದಾಟಿ ಬಂದಿದ್ದರು. ಅದು ನಾನು ಬರುವುದಕ್ಕಿಂತ ಬಹಳ ಹಿಂದಿನ ಮಾತು. ಆದರೂ ಬ್ಯಾಸಿಗಿಯ ಸಂಜೆ ಕಟ್ಟೆಯ ಮೇಲೆ ಕೂತರೆ ಅದೇ ಸುದ್ದಿ ತೆಗೆಯುತ್ತಿದ್ದರು. "ಗುಡ್ಡ ಅಂದ್ರ..." ಎಂದು ಎರಡೂ ಕೈ ಮೇಲೆತ್ತುತ್ತಿದ್ದರು. ಅಲ್ಲಿಗೆ ಮಾತು ನಿಂತುಬಿಡುತ್ತಿತ್ತು. "ಹೆಂಗ ಹೇಳಲಿ? ನೀನ ನೋಡಬೇಕು."

"ಅಷ್ಟು ದೂರ ಹೋಗಿ ಬಂದು ಎರಡು ಕೈ ಎತ್ತಿ ತೋರಸಾಕತ್ತೀರಿ. ನಮ್ಮ ತಿಪ್ಪಿನೂ ಅಷ್ಟ ಎತ್ತರ ಐತಿ" ಎಂದು ಕಾಕು ಚಾಷ್ಟಿ ಮಾಡುತ್ತಿದ್ದರು. ಸೋಲಾಪುರ ದಾಟಿ ಹೋಗದ ಜೀವ ಅದು. ನಮ್ಮ ಸೀಮೆಯಲ್ಲಿ ಎತ್ತ ನೋಡಿದರೂ ಸಪಾಟು ನೆಲ. ಆದರೆ ಕಾಕಾ ಒಳಗೆ ಹೋದ ಮೇಲೆ ನನ್ನ ಕಡೆ ವಾಲಿ, "ಒಮ್ಮೆ ನೋಡಬೇಕವ್ವಾ. ಇಂವ ಮಾತ ಮರಿಯೂವಂಥಾದ್ದು ಏನೈತಿ ಅಲ್ಲಿ ಅಂತ" ಎನ್ನುತ್ತಿದ್ದರು.

ಕುಂಕುಮ ಸೊಟ್ಟಾದದ್ದು ಸಾಲದೆಂಬಂತೆ ಒಂದು ದಿನ ಹೊಸ್ತಿಲಿಗೆ ಎಡವಿ ಹಾಲಿನ ಪಾತೇಲಿ ಚೆಲ್ಲಿದರು. ಆಗ ಸೋಲಾಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಕಾಕುವನ್ನು ಹೊರಗೆ ಕೂಡ್ರಿಸಿ ಕಾಕಾನಿಗೂ ನನಗೂ ಹೇಳಿದರು. ಎಡಗಣ್ಣು ಆಗಲೇ ಹೋಗಿದೆ, ಬಲಗಣ್ಣಿನ ನರವೂ ಒಣಗುತ್ತಿದೆ, ಆಪರೇಷನ್ ಮಾಡಿದರೂ ಹೋದದ್ದು ಬರುವುದಿಲ್ಲ. ಹನಿ ಹಾಕುತ್ತಿದ್ದರೆ ದೀಪಾವಳಿಯ ತನಕ ತಡೆಯಬಹುದು. "ಏನರ ತೋರಿಸೋದಿದ್ರ ಈಗ ತೋರಿಸ್ರಿ" ಎಂದರು.

ಹೊರಗೆ ಬಂದರೆ ಕಾಕು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಬಾಗಿಲಿಗೆ ಪರದೆ ಅಷ್ಟೇ ಇತ್ತು, ಎಲ್ಲಾ ಕೇಳಿಸಿತ್ತು. ಕಾಕಾ ಎದುರಿನ ಗಾಡಿಯಲ್ಲಿ ಕಬ್ಬಿನ ಹಾಲು ಕೊಡಿಸಿದರು. ಕುಡಿದು ಲೋಟ ಇಡುವಾಗ, "ಮುಂದಿನ ವಾರ ಮಾಬಳೇಶ್ವರಕ್ಕ ಹೋಗೂಣು. ಗುಡ್ಡಾನೂ ಆತು, ಶಿವನ ಗುಡಿನೂ ಆತು" ಎಂದರು.

"ಮೊದಲ ಮಂದೀನ ನೋಡತೇನ್ರಿ" ಎಂದರು ಕಾಕು. "ನಮ್ಮಕ್ಕ, ನಮ್ಮ ತಮ್ಮ, ಈಕಿ ಅವ್ವ-ಅಪ್ಪ, ಹುಡುಗರು. ಆಮ್ಯಾಲೆ ಗುಡ್ಡ. ಗುಡ್ಡ ಎಲ್ಲಿ ಓಡಿ ಹೋಗ್ತೈತಿ?"

ಇನ್ನೊಂದು ಮಾತು ಹೇಳಿ ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡರು. "ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಅಳ್ತಾರ. ನಾ ಅಳೂ ಮಾರಿ ನೋಡಾಕ ಹೊಂಟಿಲ್ಲ. ನಗೂ ಮಾರಿ ನೋಡಬೇಕು."

ಹೀಗೆ ಆ ಬ್ಯಾಸಿಗಿಯ ತಿರುಗಾಟ ಶುರುವಾಯಿತು. ತೋಟ ನೋಡಿಕೊಳ್ಳಲು ಯಜಮಾನರು ಉಳಿದರು. ಹೊತ್ತು ಹೊತ್ತಿಗೆ ಹನಿ ಹಾಕಲು ಗಂಡ-ಹೆಂಡಿರ ಹಿಂದೆ ನಾನು ಹೊರಟೆ.

ಮೊದಲು ಸಿಂದಗಿಗೆ, ಕಾಕುವಿನ ಅಕ್ಕನ ಮನೆಗೆ ಹೋದೆವು. ಕಾಕು ಪಡಸಾಲೆಯ ಬಾಗಿಲಲ್ಲಿ ಬೆಳಕಿಗೆ ಎದುರಾಗಿ ಕೂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಹುಡುಗಿಯರಿಗೆ "ಬಾ, ತಲಿ ಹೇನ ನೋಡ್ತೇನಿ" ಎನ್ನುವರು. ಹೆಂಗಸರಿಗೆ "ಆ ಮೂಗುಬಟ್ಟ ಹೊಸಾದೇನ, ಹತ್ತರ ಬಾ" ಎನ್ನುವರು. ಹತ್ತಿರ ಬಂದ ಮುಖವನ್ನು ಗದ್ದ ಹಿಡಿದು, ಬಲಗಣ್ಣಿನ ನೇರಕ್ಕೆ ತಂದುಕೊಂಡು, ನಿಧಾನವಾಗಿ ನೋಡಿ ಬಿಡುತ್ತಿದ್ದರು. ಯಾರಿಗೂ ಸಂಶಯ ಬರಲಿಲ್ಲ. ಕಣ್ಣಿಗೆ ಹನಿ ಯಾಕೆ ಎಂದವರಿಗೆ ಧೂಳು ಬಿದ್ದು ಕೆಂಪಾಗಿವೆ ಎಂದು ನಾನು ಹೇಳುತ್ತಿದ್ದೆ.

ಹೊರಡುವ ದಿನ ಬಂತು. ಅಂದು ಮಂಗಳವಾರ. "ಮಂಗಳವಾರ ಹೆಣ್ಣಮಗಳ್ನ ಹೊರಗ ಕಳಸ್ತಾರೇನ?" ಎಂದರು ಅಕ್ಕ. ಬುಧವಾರ ಅವರ ಮೊಮ್ಮಕ್ಕಳು ಕಾಕಾನ ಚಪ್ಪಲಿ ಬಣವಿಯೊಳಗೆ ಬಚ್ಚಿಟ್ಟರು. ಗುರುವಾರ ಮಾವಿನ ಹಣ್ಣು ಮಾಗಿದವು, ಶೀಕರಣಿ ಉಣ್ಣದೆ ಹೋಗುವುದು ಹೇಗೆ? ಮುಂದೆ ಅಮಾಸಿ ಬಂತು. "ಗುಡ್ಡಕ್ಕ ಹೊಂಟೇವ್ರಿ, ಮಳಿ ಬರೂದ್ರಾಗ ಮುಟ್ಟಬೇಕು" ಎಂದು ಕಾಕಾ ಅಂದರೆ, "ಈ ವಯಸ್ಸಿನ್ಯಾಗ ಹೆಂಡ್ತಿನ ಕರಕೊಂಡು ಗುಡ್ಡ ಸುತ್ತಾಕ ಅವಸರ ನೋಡ್ರಿ. ಮುಂದಿನ ವರ್ಷ ಹೋಗ್ರೀ, ಹೊಸ ಮದಿಮಕ್ಕಳಂಗ" ಎಂದು ಅಕ್ಕ ನಗಿಸಿದರು. ಎಲ್ಲರೂ ನಕ್ಕರು. ಕಾಕುವೂ ನಕ್ಕರು. ಮುಂದಿನ ವರ್ಷ ಎಂಬ ಮಾತಿಗೆ ಕಾಕಾ ಎದ್ದು ದನದ ಕೊಟ್ಟಿಗೆಯ ಕಡೆ ಹೋದರು.

ಬಾಗೇವಾಡಿಯಲ್ಲಿ ಕಾಕುವಿನ ತಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯ ಮುಂದಿತ್ತು. "ಮನಿ ಹಿರೇ ಸ್ವಾದರತ್ತಿ ಇಲ್ಲದ ತೊಟ್ಟಿಲಿಗೆ ಹಾಕ್ತಾರೇನ ಅಕ್ಕಾ? ನೀ ಹೋದ್ರ ಕೂಸಿಗೆ ಹೆಸರ ಇಡೂದಿಲ್ಲ, ನೋಡ ಮತ್ತ" ಎಂದು ತಮ್ಮ ಹಟ ಹಿಡಿದರು. ನಮ್ಮ ಬ್ಯಾಗು ತೆಗೆದು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಶಿವದಾರದ ಹಾಗೆ ಕೊರಳಿಗೆ ಕಟ್ಟಿಕೊಂಡು ಓಡಾಡಿದರು. ಪ್ರೀತಿ ಅದು. ಯಾರ ಮೇಲೆ ಸಿಟ್ಟು ಮಾಡುವುದು? ದಿನಾ ಮುಂಜಾನೆ ಕಾಕಾ ಅಂಗಳದಲ್ಲಿ ನಿಂತು ಪಡುವಣದ ಆಕಾಶ ನೋಡುತ್ತಿದ್ದರು. "ಗಾಳಿ ತಿರಗಾಕತ್ತೇತಿ" ಎಂದು ನನಗಷ್ಟೇ ಕೇಳುವಂತೆ ಹೇಳುತ್ತಿದ್ದರು. ನಾನು ಬಸವಣ್ಣನ ಗುಡಿಗೆ ಹೋದೆ. ಕಣ್ಣು ಕೊಡು ಎಂದು ಕೇಳಲು ಧೈರ್ಯವಾಗಲಿಲ್ಲ. ಮಳೆಯನ್ನು ಸ್ವಲ್ಪ ತಡೆಯಪ್ಪಾ ಎಂದು ಬೇಡಿಕೊಂಡೆ. ನಮ್ಮ ಸೀಮೆಯ ಹೆಣ್ಣುಮಗಳು ಮಳೆ ಬ್ಯಾಡ ಎಂದು ಕೈಮುಗಿದದ್ದು ಅವನಿಗೂ ಹೊಸದಿರಬೇಕು.

ಕಡೆಗೆ ಮುದ್ದೇಬಿಹಾಳ, ನನ್ನ ತವರು. ಇಲ್ಲಿಯಾದರೂ ನನ್ನ ಮಾತು ನಡೆದೀತು ಎಂದುಕೊಂಡಿದ್ದೆ. "ಅವ್ವಾ, ನಾಳೆ ಹೊರಡತೇವಿ" ಎಂದರೆ ಅವ್ವ ಸಿಡುಕಿದಳು. "ಬೀಗರು ಬಂದಾರ, ಹೋಳಿಗಿ ಮಾಡದ, ಸೀರಿ ಉಡಸದ ಹೆಂಗ ಕಳಸಲಿ? ಇಂಡಿ ಸೇರಿದ್ಮ್ಯಾಲೆ ತವರಮನಿ ರೊಟ್ಟಿ ಕಹಿ ಆತೇನ ನಿನಗ?" ಕೈಯಲ್ಲಿ ಹನಿಯ ಬಾಟಲಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಒಂದು ಮಾತು ಆಡಿದ್ದರೆ ಅವ್ವ ಆ ಕ್ಷಣವೇ ಕಳಿಸುತ್ತಿದ್ದಳು. ಆದರೆ ಕಾಕುವಿನ ತಲೆಯ ಮೇಲೆ ಇಟ್ಟ ಕೈ ಅದು. ಅತ್ತ ಪಡಸಾಲೆಯಲ್ಲಿ ನಮ್ಮಪ್ಪ ಏನೋ ಹೇಳಿ, ಕಾಕು ಅವರ ಮುಖವನ್ನೇ ನೋಡುತ್ತ ನಗುತ್ತಿದ್ದರು. ಹೂರಣ ರುಬ್ಬಲು ಕೂತೆ.

ಎಲ್ಲರ ಮನೆಯಲ್ಲೂ ಉಡಿ ತುಂಬಿಸಿಕೊಂಡು, ಸೋಲಾಪುರದ ಮೇಲೆ ಹಾದು, ಬಸ್ಸು ಬದಲಿಸುತ್ತ ಹೋದೆವು. ವಾಯಿ ದಾಟಿ ಘಾಟ ಏರತೊಡಗಿದ ಮೇಲೆ ಕಾಕಾ ಕಾಕುವನ್ನು ಕಿಟಕಿಯ ಕಡೆ ಕೂಡ್ರಿಸಿದರು. ಎರಡು ತಿರುವು ಹೋಗುವಷ್ಟರಲ್ಲಿ ಕಿಟಕಿ ಬೆಳ್ಳಗಾಯಿತು. ಯಾರೋ ಹೊರಗಿನಿಂದ ಧೋತರ ಒಣಹಾಕಿದ ಹಾಗೆ.

ಮೋಡ ಇಳಿದುಬಿಟ್ಟಿತ್ತು. ವಸತಿಗೆ ಕೋಣೆ ಕೊಟ್ಟವನು, "ಹೋದ ವಾರದ ತನಕ ಎಲ್ಲಾ ಕಾಣುತ್ತಿತ್ತು" ಎಂದು ಮರಾಠಿಯಲ್ಲಿ ಹೇಳಿದ. ಇನ್ನು ನವರಾತ್ರಿಯ ತನಕ ಹೀಗೇ ಅಂತೆ. ಮರುದಿನ ಕಾಕಾ ನಮ್ಮನ್ನು ಕಣಿವೆಯ ಅಂಚಿಗೆ ಕರೆದುಕೊಂಡು ಹೋದರು. ಕಬ್ಬಿಣದ ಕಟಕಟೆ ಇತ್ತು. ಅದರ ಆಚೆ ಏನೂ ಇರಲಿಲ್ಲ. ಕಣ್ಣಿದ್ದ ನನಗೂ, ಕಣ್ಣು ಹೋಗುತ್ತಿದ್ದ ಅವರಿಗೂ ಅಲ್ಲಿ ಒಂದೇ ಬಿಳುಪು. ಕಾಕಾ ಕಟಕಟೆ ಹಿಡಿದು ನಮಗೆ ಬೆನ್ನು ಮಾಡಿ ನಿಂತರು. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಇಲ್ಲೇ ಐತಿ. ಇದರ ಹಿಂದ ಐತಿ" ಎಂದರು. ಅಳುವ ಮಗುವಿಗೆ ಅಂಗಡಿ ಮುಚ್ಚಿದೆ ಎಂದು ಹೇಳುವ ತಂದೆಯ ದನಿ ಅದು.

ಕಾಕು ಅವರ ತೋಳು ಮುಟ್ಟಿದರು. ನಾಲ್ಕು ಮಂದಿಯ ಎದುರು ಗಂಡನನ್ನು ಮುಟ್ಟಿದವರೇ ಅಲ್ಲ ಅವರು. ಊರಲ್ಲಿ ಆರು ಹೆಜ್ಜೆ ಹಿಂದೆ ನಡೆಯುತ್ತಿದ್ದರು. "ಇರಲಿ ಬಿಡ್ರಿ. ಅಲ್ಲಿ ಸವಾರಿ ಕುದುರಿ ಕೆನ್ಯಾಕತ್ತೇತಿ. ನೀವು ಹತ್ರಿ, ನಾ ನೋಡ್ತೇನಿ."

"ನಾ ಏನು ಮದಿಮಗಾ ಏನ?"

"ಮದಿವ್ಯಾಗ ಕುದುರಿ ಮ್ಯಾಲೆ ಬಂದಿದ್ರಂತ. ನಾ ತಲಿ ಬಗ್ಗಿಸಿಕೊಂಡು ಕೂತಿದ್ನಿ, ಯಾವಾಗ ನೋಡಿನಿ? ಹತ್ರಿ."

ಕಾಕಾ ಹತ್ತಿದರು. ಧೋತರದ ಕಚ್ಚೆ, ತಲೆಗೆ ಟೋಪಿ, ಒಂದು ಕೈಯಲ್ಲಿ ಬಿಚ್ಚಿದ ಛತ್ರಿ. ಕುದುರೆ ಸೀನಿದ್ದೇ ತಡ, ಛತ್ರಿ ಒಗೆದು ಅದರ ಕುತ್ತಿಗೆಯನ್ನು ಅವಚಿಕೊಂಡರು. "ಶಿವ ಶಿವ, ಇಳಸೋ ತಮ್ಮಾ" ಎಂದು ಅವರು ಕೂಗಿದರೆ, ಕನ್ನಡ ತಿಳಿಯದ ಕುದುರೆಯವನು ಇನ್ನೂ ಜೋರಾಗಿ ಓಡಿಸಿದ. ಅವರು ಮಂಜಿನೊಳಗೆ ಮಾಯವಾಗಿ, ಮತ್ತೆ ಮೂಡಿ, ಮತ್ತೆ ಮಾಯವಾಗುವರು. ಕಾಕು, "ಹತ್ತರ ಬರ್ರಿ, ಇನ್ನೂ ಹತ್ತರ, ಕಾಣವಲ್ರಿ" ಎಂದು ಕೂಗುವರು. ಕುದುರೆಯವನಿಗೆ ಕೈಸನ್ನೆ ಮಾಡಿ ಅವರನ್ನು ತಮ್ಮ ಸುತ್ತ ಸುತ್ತಿಸಿದರು. ಪ್ರತಿ ಸುತ್ತಿನಲ್ಲೂ ಕಾಕಾ ಹತ್ತಿರ ಬಂದಾಗ ಕೋಳಿಯ ಹಾಗೆ ಕತ್ತು ಓರೆ ಮಾಡಿ ಬಲಗಣ್ಣು ತುಂಬ ನೋಡಿದರು. ನಕ್ಕು ನಕ್ಕು ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟರು. ನಾನು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಹನಿಯ ಹೊತ್ತಾಗಿತ್ತು, ಅದೇ ಛತ್ರಿಯ ಕೆಳಗೆ ಹಾಕಿದೆ.

ಅಲ್ಲಿಂದ ಶಿವನ ಗುಡಿಗೆ ಹೋಗಿ, ಪಕ್ಕದ ಗುಡಿಯಲ್ಲಿ ಕಲ್ಲಿನ ಆಕಳ ಬಾಯಿಯಿಂದ ನೀರು ಬೀಳುವಲ್ಲಿ ನಿಂತೆವು. ಅದು ಕೃಷ್ಣೆ ಎಂದಾಗ ಕಾಕು ಬೊಗಸೆ ಒಡ್ಡಿದರು. "ನಮ್ಮ ಹೊಳಿ? ಇಷ್ಟ ಸಣ್ಣದೈತೇನ? ನಮಗಿಂತ ಮೊದಲ ಊರ ಮುಟ್ಟತೈತಿ ನೋಡ್ರಿ. ಇದನ್ನ ದಾರ್ಯಾಗ ಯಾರೂ ಹಿಡದು ನಿಲ್ಲಸೂದಿಲ್ಲ."

"ಆಲಮಟ್ಟ್ಯಾಗ ನಿಲ್ಲಸ್ತಾರಲ್ಲ, ನಿನ್ನ ತಮ್ಮನಂಗ" ಎಂದರು ಕಾಕಾ. ಗುಡ್ಡಕ್ಕೆ ಬಂದ ಮೇಲೆ ಅವರು ಆಡಿದ ಮೊದಲ ಚಾಷ್ಟಿ ಅದು. ಅಷ್ಟಾದರೂ ಆಯಿತಲ್ಲ ಎಂದು ನಾನು ಆ ನೀರನ್ನು ಕಣ್ಣಿಗೆ ಒತ್ತಿಕೊಂಡೆ. ಇನ್ನೆರಡು ದಿನ ಕಾದೆವು. ಮೋಡ ಸರಿಯಲಿಲ್ಲ.

ದೀಪಾವಳಿಯ ತನಕವೂ ತಡೆಯಲಿಲ್ಲ. ಆ ವರ್ಷ ಸೀಗಿ ಹುಣ್ಣಿವಿಗೆ ಕಾಕು ಚಂದ್ರ ಯಾವ ದಿಕ್ಕಿಗಿದ್ದಾನೆ ಎಂದು ಕೇಳಿದರು. ಆಗ ಎಲ್ಲರಿಗೂ ತಿಳಿಯಿತು. ಸಿಂದಗಿಯ ಅಕ್ಕ ಓಡಿ ಬಂದು ಹೊಸ್ತಿಲಲ್ಲೇ ಕುಸಿದರು. "ಅಮಾಸಿ ಅಂತ ಇಟಗೊಂಡೆನಲ್ಲೇ ತಂಗಿ, ಗುಡ್ಡ ಕಂಡಿತೋ ಇಲ್ಲೋ ಹೇಳ."

ಕಾಕಾ ಬಾಯಿ ತೆರೆದರು. ಕಾಕು ಅವರಿಗೆ ಮಾತಾಡಲು ಬಿಡಲಿಲ್ಲ. "ಕಂಡಿತ ಅಕ್ಕಾ, ಯಾಕ ಕಾಣೂದಿಲ್ಲ? ಸುಗ್ಗಿ ಆದಮ್ಯಾಲೆ ಹೊಲದಾಗ ಕಣಿಕಿ ಬಣವಿ ಒಟ್ಟತೀವಿಲ್ಲ? ಹಂಗ. ಒಂದರ ಹಿಂದ ಒಂದು, ಒಂದರ ಹಿಂದ ಒಂದು. ಮುಂದಿಂದು ಹಸರ, ಹಿಂದಿಂದು ನೀಲಿ. ಕಟ್ಟಕಡೀದು ಹೊಗಿಯಂಗ. ಎಲ್ಲಿಗಿ ಮುಗೀತು, ಎಲ್ಲಿಗಿ ಆಕಾಶ ಸುರುವಾತು, ಗೊತ್ತಾಗೂದಿಲ್ಲ." ಬಾಗೇವಾಡಿಯ ತಮ್ಮನಿಗೂ, ನಮ್ಮವ್ವನಿಗೂ ಇದನ್ನೇ ಹೇಳಿದರು. ಹೇಳಿ ಹೇಳಿ ಅದಕ್ಕೊಂದು ಹಕ್ಕಿಯ ಹಿಂಡನ್ನೂ ಸೇರಿಸಿದರು. ಕೇಳಿದವರೆಲ್ಲ ಹಗುರಾಗಿ ಎದ್ದು ಹೋಗುತ್ತಿದ್ದರು. ನಾನು ಚಹಾದ ಬಸಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಕತ್ತಲಲ್ಲಿಯೇ ಅವರು ಕೆಲವು ವರ್ಷ ಬದುಕಿದರು. ಕುಂಕುಮ ಹಚ್ಚುವ ಕೆಲಸ ನನಗೆ ಬಂತು. ಹಚ್ಚುವಾಗ ಒಮ್ಮೆ ಕೇಳಿದೆ, ಕಾಕು, ಏನಾದರೂ ನೆನಪಿಗೆ ಕಾಣುತ್ತದೇನು ಎಂದು. "ಮಂದಿ ಮಾರಿ ಒಂದೊಂದ ಮಬ್ಬ ಆಗಾಕತ್ತಾವವ್ವಾ. ಕುದುರಿ ಮ್ಯಾಲೆ ಇಂವ ಮಾತ್ರ ಲಖಲಖ ಕಾಣ್ತಾನ" ಎಂದರು. ಒಂದು ಶ್ರಾವಣ ಸೋಮವಾರ ಲಿಂಗ ಅಂಗೈಯಲ್ಲಿದ್ದಾಗಲೇ ಹೋದರು. ಕಾಕಾ ಹೆಚ್ಚು ದಿನ ಹಿಂದೆ ಉಳಿಯಲಿಲ್ಲ.

ಆಮೇಲೆ ಒಂದು ಚಳಿಗಾಲದಲ್ಲಿ ಯಜಮಾನರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅದೇ ಕಟಕಟೆ. ಆಕಾಶ ತೊಳೆದಿಟ್ಟ ಹಾಗಿತ್ತು. ಬಣವಿಯ ಹಿಂದೆ ಬಣವಿ. ಮುಂದಿನದು ಹಸಿರು, ಹಿಂದಿನದು ನೀಲಿ, ಕಟ್ಟಕಡೆಯದು ಹೊಗೆ. ಎಲ್ಲಿಗೆ ಮುಗಿಯಿತೋ ಗೊತ್ತಾಗಲಿಲ್ಲ. "ಹೆಂಗೈತಿ?" ಎಂದು ಯಜಮಾನರು ಕೇಳಿದರೆ ನನಗೂ ಎರಡು ಕೈ ಎತ್ತುವುದಷ್ಟೇ ಆಯಿತು.

ಈಗ ನಮ್ಮ ಮನೆಗೆ ಬಂದವರು ಹೊರಡುತ್ತೇವೆ ಎಂದರೆ ನಾನು ಎದ್ದು ಉಡಿಯ ಅಕ್ಕಿ ತರುತ್ತೇನೆ. ಮಂಗಳವಾರ ಇರಲಿ, ಅಮಾಸಿ ಇರಲಿ, ಚಪ್ಪಲಿಯನ್ನು ಬಾಗಿಲ ಮುಂದೆ ಜೋಡಿಸಿಟ್ಟು ಬಸ್ಸಿನ ತನಕ ಹೋಗಿ ಹತ್ತಿಸಿ ಬರುತ್ತೇನೆ. "ಇಂಡಿ ಮನಿಯಾಕಿ ಇನ್ನೊಂದಿನ ಇರ್ರಿ ಅನ್ನೂದ ಇಲ್ಲ, ಕಲ್ಲೆದಿಯಾಕಿ" ಎಂದು ಬೀಗರು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ.