ಮೀನಿನ ಉಸಿರು ಎಣಿಸುತ್ತಿದ್ದ ಗಂಗತ್ತಿಗೆ

ನಮ್ಮ ಗಂಗತ್ತಿಗೆ ಮೀನಿನ ಉಸಿರು ಎಣಿಸುತ್ತಿದ್ದಳು. ಕೊಡದಲ್ಲಿ ಮರಿ ಬಿಟ್ಟು, ಕಿವಿರು ತೆರೆದು ಮುಚ್ಚುವುದನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ "ನೀರು ಕೆಟ್ಟೈತಿ" ಅಂದಳೆಂದರೆ ಕೆಟ್ಟಿರುತ್ತಿತ್ತು, ಅಷ್ಟೇ. ಉಡುತಡಿಯವಳು, ನಮ್ಮಣ್ಣನ ಹೆಂಡತಿ. ಕುಪ್ಪಗಡ್ಡೆಗೆ ಬಂದು ಎಷ್ಟು ವರ್ಷವಾದರೂ ಅವಳ ಮಾತು ಬದಲಾಗಲಿಲ್ಲ, ಹಟವೂ.

ತೊಂಬತ್ತರ ಆಚೀಚಿನ ಮಾತು. ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರ ಗದ್ದೆ ಔಷಧಿ ಮಾರುವ ಸಾಹುಕಾರನೊಬ್ಬ ಅಂಗಡಿ ಗೋಡೆ ಮೇಲೆ "ಮೀನಿಗೆ ಅಪಾಯವಿಲ್ಲ" ಅಂತ ದಪ್ಪಕ್ಷರದಲ್ಲಿ ಬರೆಸಿದ್ದ. ಗದ್ದೆಯವರು ನಂಬಿ ಔಷಧಿ ಹೊಡೆದರು. ಗದ್ದೆ ನೀರು ಕೆರೆಗಿಳಿಯಿತು. ನಾವು ಗುತ್ತಿಗೆ ಹಿಡಿದು ಸಾಕಿದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಸಾಹುಕಾರನನ್ನು ಕೇಳಿದರೆ, "ರೋಗ ಬಂದು ಸತ್ತಿವೆ, ನಿಮಗೆ ಸಾಕೋಕೆ ಬರಲ್ಲ" ಅಂದ. ಊರವರೂ ಹೌದೆಂದು, ಕೆರೆಯನ್ನು ಬೇರೆಯವರಿಗೆ ಕೊಡುವ ಮಾತೆತ್ತಿದರು.

ಅತ್ತಿಗೆ ಅಳಲಿಲ್ಲ. "ಅವ ಬರೆಸಿದ್ದನ್ನ ಅವನ ಕೈಲೇ ಅಳಿಸ್ತೀನಿ" ಅಂದಳು.

ಅವಳು ಹೇಳಿಕಳಿಸಿದ ಮೇಲೆ, ಔಷಧಿಯ ಪರೀಕ್ಷೆಗೆಂದು ಶಿವಮೊಗ್ಗದಿಂದ ಕಾಲೇಜು ಮೇಷ್ಟ್ರು ಬಂದರು. ಔಷಧಿ ನೀರಿಗೆ ಬಿಡಲು ನೂರು ಮರಿ ಬೇಕಂತೆ, ಅರ್ಧ ಸಾಯುವವರೆಗೆ ಕಾಯಬೇಕಂತೆ.

"ಅವನ ಸುಳ್ಳಿಗೆ ಒಂದು ಕೆರೆ ಸತ್ತೈತಿ. ಮತ್ತೆ ನೂರು ಯಾಕ್ರೀ ಕೊಡ್ಲಿ? ಮೊದ್ಲು ಮರಿಗೆ ಮೇವಾಗೋ ಸಣ್ಣ ನೀರಹುಳ ಬಿಡ್ರಿ. ಮೀನಿನ ಮಾತು ಆಮ್ಯಾಲೆ."

ಮೇಷ್ಟ್ರು ಒಪ್ಪಿದರು. ಕೆರೆಗೆ ಇಳಿದಿರಬಹುದಾದಷ್ಟೇ ತೆಳ್ಳಗೆ ಔಷಧಿ ಬೆರೆಸಿದರು. ಊರೆಲ್ಲ ನೋಡುತ್ತಿದ್ದಂತೆ ಹುಳಗಳು ಸತ್ತು ತಳ ಸೇರಿದವು.

ನೋಡಲು ಬಂದಿದ್ದ ಸಾಹುಕಾರ ನಕ್ಕ. "ಹುಳ ಸಾಯ್ಲಿ ಅಂತಾನೇ ಔಷಧಿ ಕಣಮ್ಮ! ಮೀನು ತೋರ್ಸು."

ಅತ್ತಿಗೆ ಮೂರೇ ಮರಿ ಬಿಟ್ಟಳು. ಎಣಿಸಿದಳು. ಕಿವಿರಿನ ಬಡಿತ ದುಪ್ಪಟ್ಟಾಯಿತು, ಮೂತಿಗಳು ನೀರಿನ ಮೇಲೆ ಬಂದವು. ತಕ್ಷಣ ಬಾಚಿ ಒಳ್ಳೆ ನೀರಿಗೆ ಹಾಕಿದಳು. ಮೂರೂ ಚೇತರಿಸಿಕೊಂಡವು.

"ಸತ್ತಿಲ್ವಲ್ಲ!" ಅಂದ ಸಾಹುಕಾರ.

"ಸಾಯೋದೇ ನೋಡ್ಬೇಕೇನ್ರಿ? ಹಂಗಾದ್ರೆ ಇದೇ ನೀರು ಒಂದು ಲೋಟ ನೀವೇ ಕುಡೀರಿ. ಉಸಿರು ನಾ ಎಣಿಸ್ತೀನಿ."

ಲೋಟ ತುಂಬಿ ಮುಂದೆ ಹಿಡಿದಳು. ಅವನು ಹಿಂದೆ ಹಿಂದೆ ಸರಿದು ಚಪ್ಪಲಿ ಬಿಟ್ಟೇ ಓಡಿದ. ಅಬ್ಬಾ, ಆ ಓಟ ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ! ಕೆರೆ ನಮಗೇ ಉಳಿಯಿತು. ಸಂತೆ ದಿನ ಜನ ಅವನ ಕೈಗೇ ಸುಣ್ಣದ ಡಬ್ಬ ಕೊಟ್ಟರು. ಅತ್ತಿಗೆ ಎದುರಿನ ಕಟ್ಟೆ ಮೇಲೆ ಕೂತಿದ್ದಳು: "ಇನ್ನೂ ಒಂದಕ್ಷರ ಕಾಣ್ತೈತ್ರಿ, ಬಳೀರಿ."

ವರ್ಷಗಳ ಮೇಲೆ ಅತ್ತಿಗೆಯನ್ನು ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ, ಏದುಸಿರಿನ ನಡುವೆಯೂ ಕೇಳಿದ್ದು ಒಂದೇ: "ಮತ್ತೆ ಬರೆಸಿದನೇನೋ?"

"ಇಲ್ಲ ಅತ್ತಿಗೆ, ಬಿಳೀ ಗೋಡೆ."

ಕಣ್ಣು ಮುಚ್ಚಿ ನಕ್ಕಳು.

ಈಗ ನನ್ನ ಮೊಮ್ಮಗಳು ಓದು ಕಲಿತಿದ್ದಾಳೆ. ನನಗೆ ಎರಡಕ್ಷರ ಬಂದರೆ ಹೆಚ್ಚು, ಇವಳು ಸೊರಬದ ಬೋರ್ಡೆಲ್ಲ ಪಟಪಟ ಓದುತ್ತಾಳೆ! ಮೊನ್ನೆ ಆ ಅಂಗಡಿ ಮುಂದೆ ನಿಂತು, "ಅಜ್ಜ, ಇಲ್ಲೇನೂ ಬರೆದಿಲ್ಲ" ಅಂದಳು.

"ಬರೆದಿತ್ತು ಮಗಾ" ಅಂದೆ. ಒಳಗೆ ಕೂತಿದ್ದ ಸಾಹುಕಾರನಿಗೆ ಕೇಳುವ ಹಾಗೆ, ಮೊದಲಿಂದ ಪೂರ್ತಿ ಹೇಳಿದೆ.