ಮಣ್ಣು ಜಗಿದು ಕೆರೆ ತೋರಿಸಿದವಳು

ಮೊನ್ನೆ ಊಟಕ್ಕೆ ಕೂತಾಗ ಸೊಪ್ಪಿನ ಪಲ್ಯದಲ್ಲಿ ಒಂದು ಮರಳಿನ ಕಣ ಹಲ್ಲಿಗೆ ಸಿಕ್ಕಿತು. ಸೊಸೆ ಗಾಬರಿಯಾಗಿ ತಟ್ಟೆ ಎತ್ತಲು ಬಂದಳು. ನಾನು ಉಗುಳದೆ ಅದನ್ನೇ ಹಲ್ಲಿನ ನಡುವೆ ಇನ್ನೊಮ್ಮೆ ಹೊರಳಿಸಿ, "ಇದು ಹರಿಯೋ ನೀರಿನ ಮರಳು ಕಣಮ್ಮ" ಎಂದೆ. ಆಕೆ ನನ್ನ ಮಗನ ಮುಖ ನೋಡಿದಳು. ಮುದುಕನಿಗೆ ಅರಳುಮರಳು ಶುರುವಾಯಿತು ಎಂದುಕೊಂಡಿರಬೇಕು. ಅಂದುಕೊಳ್ಳಲಿ. ಈ ವಿದ್ಯೆಯನ್ನು ನನಗೆ ಕಲಿಸಿದವಳು ಕಂಪ್ಲಿಯ ಒಬ್ಬ ಕುಂಬಾರತಿ.

ಆಗ ಮದರಾಸು ಸರ್ಕಾರದ ಕಾಲ. ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ನನ್ನದು. ಹೊಸಪೇಟೆಯಿಂದ ಕಂಪ್ಲಿಗೆ ವರ್ಗವಾಗಿ, ಹೊಸ ಹೆಂಡತಿಯನ್ನು ಕರೆದುಕೊಂಡು ಬಾಡಿಗೆ ಮನೆಯಲ್ಲಿದ್ದೆ. ಹಿತ್ತಲ ಗೋಡೆಯಾಚೆಗೆ ಕುಂಬಾರರ ಓಣಿ. ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಆಕೆ ಇದ್ದಳು. ತಿಗರಿ ತಿರುಗಿಸುತ್ತಿದ್ದವನು ಮಗ. ಮಣ್ಣು ಆರಿಸಿ, ಎರಡು ಕತ್ತೆಗಳ ಮೇಲೆ ಹೇರಿ ತಂದು, ತುಳಿದು ಹದ ಮಾಡುತ್ತಿದ್ದವಳು ಆಕೆ. ಕತ್ತೆ ಬಂದು ನಿಂತೊಡನೆ ಚೀಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಳ್ಳುವಳು. ಕಣ್ಣು ಮುಚ್ಚಿ ಜಗಿದು, ಉಗುಳಿ, ತಲೆಯಾಡಿಸುವಳು. ನನ್ನ ಹೆಂಡತಿಗೆ ಅದನ್ನು ಕಂಡರೆ ಹೇಸಿಗೆ. ನನಗೆ ನಗು.

ಮೆಟ್ರಿಯ ದಾರಿಯಲ್ಲಿದ್ದ ಒಂದು ಸಣ್ಣ ಹಳ್ಳಿಯವರು ಆಗ ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ದರು. ನಮ್ಮೂರಿಗೆ ಹಿಂದೆ ಕೆರೆ ಇತ್ತು, ಒಡೆದು ಹೋಗಿದೆ, ದುರಸ್ತಿ ಮಾಡಿಸಿಕೊಡಿ ಎಂದು. ಹಳೆಯ ಕೆರೆ ಇದ್ದದ್ದು ಖಾತ್ರಿಯಾದರೆ ದುರಸ್ತಿಗೆ ಮಂಜೂರಾತಿ ಸಿಗುತ್ತಿತ್ತು, ಹೊಸ ಕೆರೆ ಎಂದರೆ ಸುತರಾಂ ಇಲ್ಲ. ಮುತ್ತಾತ ಹೇಳುತ್ತಿದ್ದ ಎಂಬ ಮಾತು ಬಿಟ್ಟರೆ ಅವರ ಕೈಯಲ್ಲಿ ಬೇರೆ ಸಾಕ್ಷಿಯಿರಲಿಲ್ಲ. ಅರ್ಧ ಊರು ಆಗಲೇ ಸಂಡೂರಿನ ಗುಡ್ಡಗಳಿಗೆ ಅದಿರು ಹೊರಲು ಹೋಗಿತ್ತು. ಅರ್ಜಿ ಬಿದ್ದುಹೋದರೆ ಉಳಿದವರೂ ಗಂಟುಮೂಟೆ ಕಟ್ಟುವುದೇ ಎಂದು ಆ ಊರಿನ ಗೌಡರು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಹೇಳಿದ್ದರು.

ಜಾಗ ಅಳೆದು ನಕ್ಷೆ ಬರೆದವನು ನಾನೇ. ಎರಡು ಉದ್ದನೆಯ ದಿಬ್ಬ, ಅವುಗಳ ನಡುವೆ ಹರಿದುಹೋಗುವ ಒಂದು ಹಳ್ಳ, ದಿಬ್ಬದ ಬುಡದಲ್ಲಿ ಊರವರು ಪೂಜೆ ಮಾಡುವ ಒಂದು ಕಲ್ಲು. ದಿಬ್ಬಗಳಿಗೆ ಗುಡ್ಡದ ಗುರುತು ಹಾಕಿ, ಕಲ್ಲಿಗೆ ಗುಡಿಯ ಗುರುತು ಹಾಕಿ, ಕೆಳಗೆ ಅಂದವಾಗಿ ರುಜು ಮಾಡಿದ್ದೆ. ಕೆರೆಯ ಸುಳಿವಿಲ್ಲ ಎಂದು ಷರಾ ಬೇರೆ. ನನ್ನ ಗೆರೆಗಳ ಬಗ್ಗೆ ನನಗೆ ಭಾರಿ ಜಂಬವಿತ್ತು... ಈಗ ನೆನೆದರೆ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

ಮೇಲಿನ ಸಾಹೇಬರು ತನಿಖೆಗೆ ಬರಲು ಎರಡು ದಿನವಿತ್ತು. ಕಟ್ಟೆಯ ಮೇಲೆ ನಕ್ಷೆ ಹರವಿಕೊಂಡು ಕೂತಿದ್ದಾಗ ಆಕೆ ನಮ್ಮನೆಗೆ ಬಿಂದಿಗೆ ಕೊಡಲು ಬಂದಳು. ಏನ್ರಿ ಇದು ಎಂದು ಕೇಳಿದಳು. ದೊಡ್ಡ ಮನಸ್ಸು ಮಾಡಿದವನಂತೆ ಆ ಹಳ್ಳಿಯ ಹೆಸರು ಹೇಳಿ, ಇದು ಹಳ್ಳ, ಇದು ದಿಬ್ಬ ಎಂದು ತೋರಿಸಿದೆ. ಆಕೆ ಬಗ್ಗಿ ನೋಡಿದಳು.

"ಇದು ದಿಬ್ಬ ಅಲ್ರಿ ಸಾಮೇರ. ಕೆರಿ ಏರಿ. ನಡುಕ ಒಡದೈತಿ, ಅದಕ್ಕಽ ಹಳ್ಳ ಆ ಸಂದ್ಯಾಗ ಹೊಂಟೈತಿ."

ಸರಪಳಿ ಹಿಡಿದು ಅಳೆದವನು ನಾನು, ನಿನಗೇನು ಗೊತ್ತು ಎಂದೆ. ಆಕೆ ಬಿಂದಿಗೆ ಇಟ್ಟು ಹೋದಳು. ಮರುದಿನ ಬೆಳಿಗ್ಗೆ ಎರಡು ಹೆಂಟೆ ಮಣ್ಣು ತಂದು ನನ್ನ ಮುಂದಿಟ್ಟಳು.

"ಬಾಯಾಗ ಹಾಕ್ಕೊಳ್ರಿ."

ಸ್ನಾನ ಮಾಡಿ ನಾಮ ಹಚ್ಚಿಕೊಂಡು, ಸಂಧ್ಯಾವಂದನೆ ಮುಗಿಸಿ ಕೂತ ವೈಷ್ಣವ ನಾನು. ಒಳಗೆ ಹೆಂಡತಿ "ಅಯ್ಯೋ" ಅಂದದ್ದು ಕೇಳಿಸಿತು. ಆದರೂ ಆಕೆಯ ಮುಖದಲ್ಲಿ ಏನೋ ಇತ್ತು, ಇಲ್ಲ ಅನ್ನಲಾಗಲಿಲ್ಲ. ಮೊದಲನೆಯದು ಕರಕರ ಎಂದಿತು. ಎರಡನೆಯದು ಬೆಣ್ಣೆ. ಒಂದು ಕಣವೂ ಹಲ್ಲಿಗೆ ತಾಕಲಿಲ್ಲ.

"ಮೊದಲಿಂದು ಹಳ್ಳದ ದಂಡಿದು. ಹರಿಯೋ ನೀರು ಉಸುಕು ಬಿಡತೈತಿ. ಎಲ್ಡನೇದು ನಿಮ್ಮ ದಿಬ್ಬದ ಮಗ್ಗಲ ಬಯಲಿಂದು. ನಮ್ಮತ್ತಿ ಕಾಲದಿಂದ ನಾವು ಮಣ್ಣು ತರೋ ಕುಣಿ ಅಲ್ಲೇ ಐತಿ. ಇಷ್ಟು ನುಣ್ಣಂದು ಬೀಳಬೇಕಂದ್ರ ನೀರು ವರ್ಷಾನುಗಟ್ಟಲೆ ನಿಂತಿರಬೇಕು. ಹರಿಯೋ ಹಳ್ಳದಾಗ ಎಲ್ಲಿಂದ ಬರಬೇಕ್ರಿ ಇದು?"

ನಾನು ಬಾಯಿ ಮುಕ್ಕಳಿಸುವುದನ್ನೂ ಮರೆತು ಕೂತೆ. ಆ ಮಧ್ಯಾಹ್ನವೇ ಗಾಡಿ ಕಟ್ಟಿಸಿಕೊಂಡು ಹೋದೆ. ಆಕೆ ಕತ್ತೆಗಳ ಜೊತೆ ಮುಂದೆ ಹೋಗಿದ್ದಳು. ನಾನು ಹದಿನೈದು ದಿನ ಸುತ್ತಿದ್ದ ಅದೇ ನೆಲವನ್ನು ಆಕೆ ನನಗೆ ಹೊಸದಾಗಿ ತೋರಿಸಿದಳು. ಕುಣಿಯ ಗೋಡೆಯಲ್ಲಿ, ಮೊಣಕಾಲು ಆಳದಲ್ಲಿ, ಬೆಳ್ಳಗಿನ ಬಸವನಹುಳದ ಚಿಪ್ಪುಗಳ ಒಂದು ಪದರ. ನೀರಿಲ್ಲದ ಕಡೆ ಇವು ಯಾಕೆ ಸತ್ತು ಬಿದ್ದಿವೆ? ದಿಬ್ಬದ ಆಚೆ ಬದಿಯ ಬುಡದಲ್ಲಿ ಸಾಲುಗಟ್ಟಿ ನಿಂತ ಈಚಲು ಗಿಡಗಳು. ಏರಿಯಿಂದ ಜಿನುಗಿದ ತೇವಕ್ಕೆ ಇವುಗಳ ಅಜ್ಜ ಮುತ್ತಜ್ಜಂದಿರು ಹುಟ್ಟಿದ್ದು ಎಂದಳು. ಕೊನೆಗೆ ಆ ದೇವರ ಕಲ್ಲು. ಮೊಳದೆತ್ತರದ ಎರಡು ಕಂಬ, ನಡುವೆ ಒಂದು ಅಡ್ಡಗಲ್ಲು, ಅದರಲ್ಲಿ ದುಂಡನೆಯ ತೂತು. ಊರವರು ಕುಂಕುಮ ಬಳಿದು ಆ ತೂತಿನಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದರು.

"ದೇವ್ರಿಗೆ ತೂತು ಯಾಕ್ರಿ? ಇದು ತೂಬಿನ ತಲಿ. ಮೈಯೆಲ್ಲಾ ನೆಲದಾಗ ಐತಿ."

ಕೆರೆಯ ನೀರನ್ನು ಗದ್ದೆಗೆ ಬಿಡುವ ತೂಬನ್ನೇ ಊರವರು ತಲೆಮಾರುಗಳಿಂದ ಪೂಜಿಸುತ್ತ, ಕೆರೆಗೆ ಸಾಕ್ಷಿಯಿಲ್ಲವೆಂದು ಅಲೆಯುತ್ತಿದ್ದರು! ಅಗೆದು ನೋಡೋಣ ಎಂದೆ. ಗೌಡರು ಕೈಮುಗಿದರು. ತಾಯಿಗೆ ಗುದ್ದಲಿ ತಾಕಿಸಿದರೆ ಊರು ಉಳಿಯುವುದಿಲ್ಲ, ಬೇಡ ಎಂದರು. ಯಾರೊಬ್ಬರೂ ಗುದ್ದಲಿ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ, ಸುಳ್ಳು ಯಾಕೆ ಹೇಳಲಿ, ನನಗೂ ಹೆದರಿಕೆಯೇ.

ಮರುದಿನ ಸಾಹೇಬರು ಬಂದರು. ನನ್ನ ನಕ್ಷೆ ನೋಡಿದರು, ದಿಬ್ಬ ನೋಡಿದರು, ಎರಡೂ ಹೊಂದುತ್ತವೆ ಎಂದು ತಲೆಯಾಡಿಸಿದರು. ನಾನು ಮಣ್ಣಿನ ಮಾತು, ಚಿಪ್ಪಿನ ಮಾತು ತೊದಲಿದೆ. ಅವರು ನಕ್ಕು ಕುದುರೆಯ ಕಡೆ ತಿರುಗಿದರು. ಗೌಡರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆಗ ಗುಂಪಿನಿಂದ ಆಕೆ ಹೊರಗೆ ಬಂದಳು. ಕಲ್ಲಿಗೆ ಕರ್ಪೂರ ಹಚ್ಚಿ, ಕಾಯಿ ಒಡೆದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಮಣ್ಣು ಕೀಳುವ ತನ್ನ ಗುದ್ದಲಿ ಎತ್ತಿದಳು.

"ಬ್ಯಾಡ ಯವ್ವಾ, ತಾಯಿ ಮುನಿತಾಳ!" ಗೌಡರು ಚೀರಿದರು.

"ಯಾಕ ಮುನಿತಾಳ್ರಿ ಗೌಡ್ರ? ನೀರು ಕೊಡಾಕ ಕುಂತಾಕಿ ಆಕಿ. ಕುತಿಗಿಮಟ ಹೂಳಿನಾಗ ಹುಗದು ಬರೇ ಊದಿನಕಡ್ಡಿ ಹಚ್ಚೀರಿ. ಮುನಿಯೋದಾದ್ರ ಅದಕ್ಕ ಮುನಿಲಿ!"

ಮೊದಲ ಏಟು ಬಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ. ಹತ್ತು ಏಟಿನ ಮೇಲೆ ನಾನು ಕೋಟು ಬಿಚ್ಚಿ ಕೆಳಗಿಳಿದೆ. ಆಮೇಲೆ ಗೌಡರ ತಮ್ಮ, ಆಮೇಲೆ ಇಡೀ ಊರು. ಸಾಹೇಬರು ಕುದುರೆ ಬಿಟ್ಟು ಬಂದು ನಿಂತರು. ಅಗೆದಷ್ಟೂ ಕಂಬಗಳು ಇಳಿದವು, ಇಳಿದವು, ಆಳಿನೆತ್ತರ ಇಳಿದರೂ ಮುಗಿಯಲಿಲ್ಲ. ತಳದಲ್ಲಿ ಹಾಸುಗಲ್ಲು, ಅದರಲ್ಲಿ ಇನ್ನೊಂದು ದುಂಡನೆಯ ತೂತು, ಆಚೆ ಏರಿಯ ಕೆಳಗೆ ನುಗ್ಗಿಹೋದ, ನೀರು ಹರಿಯುವ ಕಲ್ಲಿನ ದೋಣಿ. ಸಾಹೇಬರು ತಾವೇ ಗುಂಡಿಗಿಳಿದು ಊರುಗೋಲನ್ನು ತೂತಿನೊಳಗೆ ತೂರಿಸಿದರು. ಅದು ಹಿಡಿಯವರೆಗೂ ಹೋಯಿತು. ಊರವರು ಹಾಕಿದ ಕೇಕೆ ಇದೆಯಲ್ಲ... ನನ್ನ ಮಗ ಹುಟ್ಟಿದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಈ ನಕ್ಷೆ ಬರೆದ ಮಹಾಶಯ ಯಾರು ಎಂದು ಸಾಹೇಬರು ಕೇಳಿದರು. ಮೈಯೆಲ್ಲ ಕೆಸರಾಗಿದ್ದ ನಾನು ಕೈ ಎತ್ತಿದೆ. ಅವರು ನಕ್ಕು, ಇನ್ನೊಮ್ಮೆ ಬರಿ ಎಂದರು. ಎರಡು ಗುಡ್ಡದ ಗುರುತು ಅಳಿಸಿ ಅಲ್ಲೇ ಏರಿಯೊಂದನ್ನು ಬರೆದೆ. ನನ್ನ ಜೀವಮಾನದಲ್ಲಿ ಬರೆದ ಅತ್ಯುತ್ತಮ ಗೆರೆ ಅದು.

ಏರಿ ಕಟ್ಟಿದರು. ಮರುವರ್ಷ ಕೆರೆ ತುಂಬಿತು. ಸಂಡೂರಿಗೆ ಹೋದವರು ಹಿಂದಿರುಗಿ ಬಂದರು. ಆ ಊರವರು ಆಕೆಗೆ ಸೀರೆ ಉಡಿಸಿ, ಎರಡು ಕತ್ತೆಗಳ ಕೊರಳಿಗೂ ಚೆಂಡುಹೂವಿನ ಹಾರ ಹಾಕಿ, ಡೊಳ್ಳು ಬಡಿಯುತ್ತ ಕಂಪ್ಲಿಯವರೆಗೆ ಮೆರವಣಿಗೆ ಮಾಡಿದರು. ಕತ್ತೆಗಳು ಓಣಿ ಸೇರುವಷ್ಟರಲ್ಲಿ ಒಂದರ ಹಾರವನ್ನು ಇನ್ನೊಂದು ತಿಂದು ಮುಗಿಸಿದ್ದವು.

ಮುಂದಿನ ಬೇಸಿಗೆಯಲ್ಲಿ ನಾವು ಕೊಂಡ ಹೊಸ ಬಿಂದಿಗೆ ಸೋರಿತು. ಆಕೆಯ ಮಡಕೆ ಸೋರಿದ್ದನ್ನು ನಾವು ಕಂಡೇ ಇರಲಿಲ್ಲ. ಹೆಂಡತಿ ಜಗಳಕ್ಕೆ ಹೊರಟಳು, ನಾನು ತಡೆದು ನಾನೇ ಹೋದೆ. ಓಣಿಯಲ್ಲಿ ಕತ್ತೆಯ ಚೀಲದಿಂದ ಒಂದು ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡೆ. ಕರಕರ. ಹಳ್ಳದ ದಂಡೆಯ ಮಣ್ಣು. ಆಗ ಹೊಳೆಯಿತು ನನಗೆ, ಆಕೆಯ ಅತ್ತೆಯ ಕಾಲದ ಕುಣಿ ಬೇಸಿಗೆಯಲ್ಲೂ ಬತ್ತದ ಕೆರೆಯ ತಳದಲ್ಲಿ ಮುಳುಗಿಹೋಗಿತ್ತು.

"ನಿನಗೆ ಇದು ಮೊದಲೇ ಗೊತ್ತಿತ್ತೇನವ್ವಾ?" ಎಂದೆ.

"ಗೊತ್ತಿಲ್ದ ಏನ್ರಿ? ಕೆರಿ ಐತಿ ಅಂದಾಕಿ ನಾನಽ ಅಲ್ಲ?" ಎಂದು ನಕ್ಕಳು. "ಬಿಂದಿಗಿ ತಂದು ಕೊಡ್ರಿ, ಬ್ಯಾರೆ ಕೊಡತೀನಿ."

ಆಕೆ ತೀರಿಕೊಂಡಾಗ ನಾನು ಬೇರೆ ಊರಿನಲ್ಲಿದ್ದೆ. ಸುದ್ದಿ ತಿಳಿದದ್ದು ತಿಂಗಳ ಮೇಲೆ. ಒಂದು ಸಲವೂ ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. ಈಗ ಕಂಪ್ಲಿಯ ಆ ಓಣಿಯಲ್ಲಿ ತಿಗರಿಯ ಸದ್ದಿಲ್ಲ.

ಹೋದ ವಾರ ಮಗನನ್ನು ಕಾಡಿ ಬೇಡಿ ಆ ಕೆರೆಗೆ ಹೋಗಿಬಂದೆ. ತುಂಬಿ ತುಳುಕುತ್ತಿತ್ತು. ಕೆಳಗೆ ಕಣ್ಣಿಗೆ ಸಿಗುವಷ್ಟು ದೂರವೂ ಭತ್ತ. ಏರಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಆಕೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಎದ್ದು ನಿಂತಳು.

"ಆಯಮ್ಮನ ಕುಣಿ ಎಲ್ಲಿತ್ರಿ ಅಜ್ಜಾರ?"

ನಾನು ಕೈ ಎತ್ತಿದೆ. ಆಮೇಲೆ ಇಳಿಸಿದೆ. ನಕ್ಷೆಯಲ್ಲಿ ನಾನು ಅದನ್ನು ಗುರುತು ಮಾಡಿರಲಿಲ್ಲ. ಎದುರಿಗೆ ಈ ದಡದಿಂದ ಆ ದಡದವರೆಗೆ ಬರೀ ನೀರು.