ಅರೆಬೆಂದ ಇದ್ದಿಲು

ಬೀದಿ ಕೊನೆಯ ಇಸ್ತ್ರಿಯವನು ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸುತ್ತಿದ್ದ. ಸರಿಯಾಗಿ ಸುಡದ ತುಂಡೊಂದಿತ್ತೇನೋ, ಹೊಗೆ ಮೂಗಿಗೆ ಅಡರಿತು. ಸೀರೆ ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ. ಆ ವಾಸನೆ ನನಗಾಗದು. ನಮ್ಮ ಭಾವನನ್ನು ತಿಂದದ್ದು ಅದೇ...

ಭಾವ ಅಂದರೆ ಅಕ್ಕನ ಗಂಡ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಬಸ್ಸು ಓಡಿಸುತ್ತಿದ್ದರು. ಯಾರೋ ಸಾಹುಕಾರರು ಬಿಸಾಡಿದ ಕಾರಿನ ಇಂಜಿನ್ನು ತಂದು, ಬಿಚ್ಚಿ, ಉಜ್ಜಿ, ಪಿಸ್ಟನ್ನು ಬದಲಾಯಿಸಿ, ವರ್ಷಗಟ್ಟಲೆ ತಿದ್ದಿ ತೀಡಿ ಬಸ್ಸೆಳೆಯುವಷ್ಟು ಕಸುವು ತುಂಬಿದ್ದರು. ಮಕ್ಕಳಿಲ್ಲದ ಮನೆಗೆ ಅದೇ ಮಗು. ಬೆಳಿಗ್ಗೆ ಹ್ಯಾಂಡಲ್ ಹೊಡೆದ ಮೇಲೆ ಅದು ಗಾಳಿ ಎಳೆಯುವ ಬಾಯಿಗೆ ಅಂಗೈ ಹಿಡಿದು ನನಗೆ ಹೇಳುತ್ತಿದ್ದರು: "ನೋಡಮ್ಮಾ, ಇದಕ್ಕೆ ಯಾರೂ ಗಾಳಿ ಊದಬೇಕಾಗಿಲ್ಲ. ತಾನೇ ಉಸಿರು ಎಳ್ಕೊಳ್ತದೆ."

ಎರಡನೇ ಮಹಾಯುದ್ಧ ಬಂತು, ಪೆಟ್ರೋಲು ಹೋಯಿತು. ಬಸ್ಸಿನ ಹಿಂದೆ ಒಲೆಯಂಥ ಉದ್ದನೆ ಡಬ್ಬ ಕಟ್ಟಿ, ಪೆಟ್ರೋಲಿನ ಬದಲು ಇದ್ದಿಲ ಹೊಗೆಯನ್ನೇ ಇಂಜಿನ್ನಿಗೆ ಬಿಟ್ಟು ಓಡಿಸಬೇಕಾಯಿತು. ಒಳ್ಳೆ ಇದ್ದಿಲು ಸಿಗದೆ ಬಸ್ಸು ನಿಲ್ಲುವ ಹಾಗಾದಾಗ ಗೌನಿಪಲ್ಲಿ ಕಡೆಯ ಜನ, ಪಾಪ, ಮಾವಿನ ಕೊಂಬೆ ಸುಟ್ಟು ಮಂಕರಿಗಟ್ಟಲೆ ತಂದುಕೊಟ್ಟರು. ಪೂರ್ತಿ ಸುಟ್ಟರೆ ಸತ್ವ ಹೋಗುತ್ತದೆಂದು ಅರೆಬೆಂದದ್ದನ್ನೇ ಆರಿಸಿ ತಂದಿದ್ದರು. ಅದರ ಹೊಗೆಯೋ ಬರೀ ಅಂಟು. "ಇದು ಹಾಕಿದ್ರೆ ಇಂಜಿನ್ ಸಾಯ್ತದೆ ಕಣೇ," ಅಂತ ಭಾವ ಅಕ್ಕನ ಹತ್ತಿರ ಅಂದರು. ಪ್ರೀತಿಯಿಂದ ಹೊತ್ತು ತಂದವರ ಎದುರಿಗೆ ಅನ್ನಲಾರದೆ ಅದನ್ನೇ ಡಬ್ಬಕ್ಕೆ ಸುರಿದರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಅಂಟು ವಾಲ್ವಿಗೆ ಹಿಡಿಯಿತು. ಭಾವ ದಿನಾ ಬಿಚ್ಚಿ ಕೆರೆದರು, ಊಟ ನಿದ್ದೆ ಬಿಟ್ಟರು. ಒಂದು ದಿನ ಏರಿನಲ್ಲಿ ಬಸ್ಸಿನಲ್ಲಿದ್ದ ನಾವೆಲ್ಲ ಇಳಿದು ತಳ್ಳುತ್ತಿರುವಾಗಲೇ ಒಳಗೆ ಏನೋ ಟಪ್ಪೆಂದು ಮುರಿಯಿತು. ಒಬ್ಬರಾದ ಮೇಲೊಬ್ಬರು ಹ್ಯಾಂಡಲ್ ಹೊಡೆದರು. ಭಾವ ಅಂಗೈ ಹಿಡಿದು, "ಲೇ ನಾಯನಾ, ಇಂಕೊಕ್ಕ ಸಾರಿ..." ಏಳಪ್ಪಾ, ಇನ್ನೊಂದೇ ಸಾರಿ ಅಂತ ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದರು. ಅದು ಉಸಿರು ಎಳೆಯಲಿಲ್ಲ.

"ಅಳಬೇಡಿ ಸ್ವಾಮಿ," ಅಂದ ಗೌನಿಪಲ್ಲಿಯ ಮುದುಕನೊಬ್ಬ. "ನಾಳೆ ಇನ್ನೂ ಎರಡು ಮಂಕರಿ ತರ್ತೀವಿ."

ಭಾವ ಅವನಿಗೆ ಕೈ ಮುಗಿದರು.

ಇಂಜಿನ್ನು ಇಳಿಸಿ ಹಿತ್ತಲಲ್ಲಿಟ್ಟರು. ಯುದ್ಧ ಮುಗಿದು ಪೆಟ್ರೋಲು ಬಂತು, ಹೊಸ ಬಸ್ಸುಗಳು ಬಂದವು. ಯಾರು ಕರೆದರೂ ಭಾವ ಹೋಗಲಿಲ್ಲ. ಅದರ ಪಕ್ಕದಲ್ಲೇ ಕೂತು ಕೂತು ಸೊರಗಿದರು. ಒಂದು ಬೆಳಿಗ್ಗೆ ಹಿತ್ತಲಿಂದ ಅಕ್ಕ ಕೂಗಿಕೊಂಡಳು. ಓಡಿಹೋಗಿ ಅವರ ಮೂಗಿನ ಹತ್ತಿರ ಅಂಗೈ ಹಿಡಿದವಳು ನಾನೇ...

ಈಗ ಅಕ್ಕನೂ ಇಲ್ಲ. ಇಸ್ತ್ರಿಯವನು ಸೀರೆ ತಂದುಕೊಟ್ಟು ಹೋದ. ಮಡಿಕೆ ಬಿಚ್ಚಿದರೆ ಅದೇ ವಾಸನೆ. ಮತ್ತೆ ನೀರಿಗೆ ಹಾಕಿದ್ದೇನೆ. ಮುದುಕಿಗೆ ಮರುಳು ಅನ್ನುವವರು ಅನ್ನಲಿ.